ಎರಡನೆಯ ಬೋಲ್ಟ್

ಸ್ಫಾಕ್ಸ್ ಬಂದರಿನಲ್ಲಿ ಬಿಸಿಲು ನೆತ್ತಿ ಸೀಳುತ್ತಿದ್ದ ಹೊತ್ತಿನಲ್ಲಿ ನನ್ನ ಗಂಡ ಮೊನ್ಸೆಫ್ ಹಿಮದ ಕೋಣೆಯಲ್ಲಿ ಸಿಕ್ಕಿಬಿದ್ದ. ಹಾಜ್ ಖಲೀಫಾನ ಮೀನಿನ ಕೋಲ್ಡ್ ಸ್ಟೋರೇಜಿಗೆ ಫ್ಯಾನ್ ರಿಪೇರಿಗೆಂದು ಹೋಗಿದ್ದವನು. ಒಳಹೊಕ್ಕ ಮೇಲೆ ಬಾಗಿಲು ಬಿತ್ತು. ಒಳಗಿನ ಹಿಡಿ ಮುರಿದು ಎಷ್ಟೋ ದಿನವಾಗಿತ್ತಂತೆ, ಪುಣ್ಯಾತ್ಮ ಹಾಜ್ ಸರಿ ಮಾಡಿಸಿರಲಿಲ್ಲ. ಕೂಲಿಯವರು ಹೊರಗಿನಿಂದ ಸಲಾಕೆ ಹಾಕಿ ಮೀಟಿ, ಅಗುಳಿಯನ್ನು ಸೊಟ್ಟ ಮಾಡಿ, ಬಾಗಿಲನ್ನು ಇನ್ನಷ್ಟು ಬಿಗಿ ಮಾಡಿಟ್ಟಿದ್ದರು. ಅವನು ತೊಟ್ಟಿದ್ದು ತೆಳು ಅಂಗಿ.

ನಾನು ನಮ್ಮ ಹಾರ್ಡ್‌ವೇರ್ ಅಂಗಡಿಯಿಂದ ಡ್ರಿಲ್ ಹೊತ್ತು ಓಡಿ ಬಂದಾಗ ಒಳಗಿನಿಂದ ಬಡಿತ ಕೇಳುತ್ತಿತ್ತು. ದಪ್, ದಪ್. ಆ ಸದ್ದು ಇರುವ ತನಕ ಅವನಿದ್ದಾನೆ ಎಂದುಕೊಂಡೆ. ಅವನ ತಮ್ಮ ಲಸ್ಸಾದ್ ಆಗಲೇ ಬಾಗಿಲ ಮುಂದೆ ಕೂತು ಡ್ರಿಲ್ಲಿನ ಮೂತಿಗೆ ಸಿಕ್ಕಿಸುವ ಬಿಟ್‌ಗಳ ಹೊಸ ಪೊಟ್ಟಣ ಹರಿಯುತ್ತಿದ್ದ. ಎಲ್ಲವೂ ಬಂಗಾರದಂತೆ ಥಳಥಳ ಹೊಳೆಯುತ್ತಿದ್ದವು. ಬೆಳ್ಳಗಿರುವುದೆಲ್ಲ ಹಾಲು ಎಂದು ನಂಬುವ ಜಾತಿ ಅವನದು.

"ಬಿಸಾಕು ಅದನ್ನ," ಎಂದೆ. "ಮೇಲಿನ ಬಣ್ಣ ಕೆರೆದ್ರೆ ಒಳಗೆ ತಗಡು. ಮರಕ್ಕೂ ಸಾಲದು."

"ಹಂಗಾದ್ರೆ ಗ್ರೈಂಡರ್ ಹಾಕಿ ಕೊಯ್ದ್ಬಿಡೋಣ ಅತ್ತಿಗೆ!"

"ಬಾಗಿಲ ಹೊಟ್ಟೇಲಿ ಇರೋದು ಫೋಮ್ ಕಣೋ. ಒಂದು ಕಿಡಿ ಬಿದ್ರೆ ನಿಮ್ಮಣ್ಣ ಚಳಿಗಲ್ಲ, ಹೊಗೆಗೆ ಸಾಯ್ತಾನೆ."

ಅಗ್ನಿಶಾಮಕದವರು ಊರಿನ ಆಚೆ ತುದಿಯಲ್ಲಿ ಬೇರೆ ಬೆಂಕಿ ಆರಿಸುತ್ತಿದ್ದರು. ಹಿಮದ ಯಂತ್ರದ ಕರೆಂಟು ತೆಗೆಸಿದ್ದರೂ ಅಷ್ಟು ಮೀನಿನ ಹಿಮ ಇವತ್ತು ಕರಗುವಂಥದ್ದಲ್ಲ. ಅಗುಳಿಯ ಪಟ್ಟಿಯನ್ನು ಚೌಕಟ್ಟಿಗೆ ಹಿಡಿದಿದ್ದದ್ದು ಎರಡು ಸ್ಟೇನ್‌ಲೆಸ್ ಬೋಲ್ಟ್. ಸ್ಪಾನರ್ ಜಾರಿ ಜಾರಿ ಎರಡರ ತಲೆಯೂ ಉರುಟಾಗಿದ್ದವು. ಆ ತಲೆಗಳನ್ನು ಕೊರೆದು ಹಾರಿಸಿದರೆ ಪಟ್ಟಿ ಬೀಳುತ್ತದೆ, ಬಾಗಿಲು ತೆರೆಯುತ್ತದೆ. ಬೇರೆ ದಾರಿ ಇರಲಿಲ್ಲ.

ಗಟ್ಟಿ ಉಕ್ಕು ಕೊರೆಯುವ ಕೊಬಾಲ್ಟ್ ಬಿಟ್ ಆ ಅಳತೆಯಲ್ಲಿ ಅಂಗಡಿಯಲ್ಲಿ ಉಳಿದಿದ್ದದ್ದು ಎರಡೇ, ಎರಡನ್ನೂ ತಂದಿದ್ದೆ. ನೋಡಲು ಮಾಸಲು ಕಂದು, ಮದುವೆಯಾಗದ ಹೆಣ್ಣಿನಂತೆ ಮೂಲೆಯಲ್ಲಿ ಕೂತಿದ್ದವು. ತುದಿಯ ಎರಡು ಅಂಚೂ ಸಮವಾಗಿವೆಯೇ ಎಂದು ಬಿಸಿಲಿಗೆ ಹಿಡಿದು ನೋಡಿದೆ. ಉಗುರಿನ ಮೇಲೆ ಎಳೆದೆ, ಕೆರೆಯಿತು. ಎಣ್ಣೆಯ ಡಬ್ಬಿಯನ್ನು ಮಾತ್ರ ಗಾಬರಿಯಲ್ಲಿ ಮರೆತು ಬಂದಿದ್ದೆ.

"ಹಾಜ್, ನಿಮ್ಮ ಊಟದ ಎಣ್ಣೆ ಕೊಡಿ!"

"ಆಲಿವ್ ಎಣ್ಣೇನಾ? ಹೊಸ ಗಾಣದ್ದು ತಾಯಿ..."

"ಹೆಣಕ್ಕೆ ಹಚ್ಚೋಕೆ ಇಟ್ಕೋತೀರಾ?"

ಮುದುಕ ಸೀಸೆ ಹಿಡಿದು ಓಡಿ ಬಂದ, ತಾನೇ ಹನಿಸುತ್ತ ಪಕ್ಕದಲ್ಲಿ ನಿಂತ.

ಈ ಸ್ಟೀಲಿಗೆ ಒಂದು ಕೆಟ್ಟ ಬುದ್ಧಿಯಿದೆ. ವೇಗವಾಗಿ ಉಜ್ಜಿದರೆ ಮುನಿದು ಕಲ್ಲಾಗುತ್ತದೆ. ನಿಧಾನ ತಿರುಗಿಸಬೇಕು, ಮೈಭಾರ ಹಾಕಿ ಒತ್ತಬೇಕು, ಎಣ್ಣೆ ಕುಡಿಸುತ್ತಿರಬೇಕು. ನಾನು ಹಾಗೆಯೇ ಮಾಡಿದೆ. ಲೋಹ ಸುರುಳಿ ಸುರುಳಿಯಾಗಿ ಎದ್ದು ಬಂತು. ಬೆನ್ನ ಹಿಂದೆ ಜನ ಬೊಬ್ಬೆ ಹಾಕುತ್ತಿದ್ದರು. "ಬೇಗ ದಲೀಲಾ, ಬೇಗ!" "ಇವಳೇನು ಕಸೂತಿ ಹಾಕ್ತಿದ್ದಾಳಾ?" ಮೊದಲ ಬೋಲ್ಟಿನ ತಲೆ ಟಣ್ ಎಂದು ನೆಲಕ್ಕೆ ಬಿತ್ತು.

ಬಿಟ್ ತಣ್ಣಗಾಗಲಿ ಎಂದು ಡ್ರಿಲ್ ಕೆಳಗಿಟ್ಟು ಕೈ ಒರೆಸಿಕೊಂಡೆ. ಅಷ್ಟರಲ್ಲಿ ಲಸ್ಸಾದ್ ಅದನ್ನು ಕಿತ್ತುಕೊಂಡ.

"ನಿಮ್ಮ ನಾಜೂಕು ಸಾಕು ಅತ್ತಿಗೆ! ಒಳಗಿರೋನು ನನ್ನಣ್ಣ!"

ಪೂರಾ ವೇಗದಲ್ಲಿ ಎರಡನೆಯ ಬೋಲ್ಟಿಗೆ ನುಗ್ಗಿದ. ಡ್ರಿಲ್ ಕಿರುಚಿತು. ಎಣ್ಣೆ ಹೊಗೆಯಾಯಿತು. ನಾನು ಅವನ ಕೈ ಎಳೆಯುವಷ್ಟರಲ್ಲಿ ಬಿಟ್ಟಿನ ತುದಿ ನೀಲಿಗಟ್ಟಿ ಸತ್ತೇ ಹೋಗಿತ್ತು. ಬೋಲ್ಟಿನ ಮುಖ ಕಲ್ಲಾಗಿ ಗಾಜಿನಂತೆ ಮಿನುಗುತ್ತಿತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರಲ್ಲ, ಅವನ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಆದರೆ ಅವನ ಮುಖ ನೋಡಿದೆ, ತುಟಿ ಅದುರುತ್ತಿದ್ದವು.

"ನಾನೇ ಕೊಂದ್ನಾ ಅತ್ತಿಗೆ?"

"ಅಳೋದು ಆಮೇಲೆ. ಗಟ್ಟಿಯಾಗಿರೋದನ್ನ ಕೊರೀಬೇಕು ಅಂದ್ರೆ ಭಾರ ಬೇಕು. ನನ್ನ ಮೈಲಿ ಅಷ್ಟಿಲ್ಲ. ನಿನ್ನ ಹೊಟ್ಟೆ ಇವತ್ತಾದ್ರೂ ಉಪಯೋಗಕ್ಕೆ ಬರಲಿ. ಹಿಂದೆ ನಿಂತು ಒತ್ತು. ಅಲ್ಲಾಡಬೇಡ. ಸ್ವಿಚ್ ಮುಟ್ಟಿದ್ರೆ ಕೈ ಮುರೀತೀನಿ."

ಕೊನೆಯ ಬಿಟ್ ಹಾಕಿದೆ. ಲಸ್ಸಾದ್ ಡ್ರಿಲ್ಲಿನ ಬೆನ್ನಿಗೆ ಎರಡು ಅಂಗೈ ಕೊಟ್ಟು ಭಾರ ಬಿಟ್ಟ. ಡ್ರಿಲ್ ಗುರ್ ಎಂದು ನಿಧಾನ ತಿರುಗಿತು. ಮೊದಲು ಏನೂ ಇಲ್ಲ, ಬರೀ ಜಾರಾಟ. ಆಮೇಲೆ ಬೂದಿಯಂಥ ಪುಡಿ. ಈ ಬಿಟ್ಟೂ ಹೋಗುತ್ತಿದೆ ಎಂದುಕೊಂಡೆ. "ಇನ್ನೂ ಒತ್ತು," ಎಂದೆ. ಕೊನೆಗೂ ಒಂದು ಸಣ್ಣ ಸುರುಳಿ ಹೊರಗೆ ಇಣುಕಿತು.

ಆಗಲೇ ಒಳಗಿನ ಬಡಿತ ನಿಂತಿತು.

ಹಾಜ್ ಎಣ್ಣೆ ಹನಿಸುವುದನ್ನೇ ಮರೆತ. ಯಾರೋ ದೇವರ ಹೆಸರು ಹೇಳಿದರು. ಲಸ್ಸಾದ್ ನನ್ನ ಕಿವಿಯ ಬಳಿಯೇ ಕೂಗಿದ. "ಅಣ್ಣಾ! ಅತ್ತಿಗೆ, ವೇಗ ಹೆಚ್ಚಿಸಿ! ನಿಮ್ಮ ಕಾಲಿಗೆ ಬೀಳ್ತೀನಿ!"

ನನ್ನ ಬೆರಳೂ ಅದನ್ನೇ ಬೇಡುತ್ತಿತ್ತು. ಸ್ವಿಚ್ಚನ್ನು ಇನ್ನೊಂದಿಷ್ಟು ಒತ್ತಿದರೆ ಸಾಕು. ಅಷ್ಟು ಭಯ ನನಗೆ ಹೆರಿಗೆಯಲ್ಲೂ ಆಗಿರಲಿಲ್ಲ. ಅವನು ಹೋದ, ನಾನು ಹೆಣಕ್ಕಾಗಿ ಕೊರೆಯುತ್ತಿದ್ದೇನೆ ಎಂದು ಮನಸ್ಸು ಹೇಳುತ್ತಿತ್ತು. ಆದರೂ ಬೆರಳಿನ ಮಾತು ಕೇಳಲಿಲ್ಲ. ಕಣ್ಣೀರು ಮೂಗಿನ ತುದಿಯಿಂದ ಎಣ್ಣೆಯೊಳಗೆ ಹನಿಯುತ್ತಿತ್ತು, ಬಿಟ್ ಅದೇ ನಿಧಾನದಲ್ಲಿ ತಿರುಗುತ್ತಿತ್ತು. "ಎಣ್ಣೆ ಹಾಜ್, ಎಣ್ಣೆ," ಎನ್ನುವುದೊಂದೇ ನನ್ನ ಬಾಯಲ್ಲಿ.

ತಲೆ ಕಳಚಿತು. ಪಟ್ಟಿ ಬಿತ್ತು. ಕೂಲಿಯವರು ಬಾಗಿಲು ಎಳೆದರು, ಬಿಳಿ ಹಬೆ ನಮ್ಮ ಮುಖಕ್ಕೆ ಬಂತು.

ಮೊನ್ಸೆಫ್ ಮೀನಿನ ಪೆಟ್ಟಿಗೆಗಳ ಮೇಲೆ ಖಾಲಿ ಚೀಲ ಹೊದ್ದು ಮುದುಡಿ ಕೂತಿದ್ದ. ಹುಬ್ಬು ಬೆಳ್ಳಗಾಗಿದ್ದವು. ಕಣ್ಣು ತೆರೆದಿದ್ದವು, ನನ್ನ ಕಡೆಗೇ ತಿರುಗಿದವು. ಲಸ್ಸಾದ್ ಅವನನ್ನು ಎತ್ತಿಕೊಂಡು ಬಿಸಿಲಿಗೆ ತಂದು ಮಲಗಿಸಿದ.

"ಬಡಿಯೋದು ಯಾಕೆ ನಿಲ್ಲಿಸ್ದೆ ಅಣ್ಣಾ? ನಮ್ಮ ಜೀವ ಹೋಯ್ತಲ್ಲೋ!"

ಮೊನ್ಸೆಫ್‌ನ ಹಲ್ಲು ಕಟಕಟ ಎನ್ನುತ್ತಿದ್ದವು. ಮಾತು ತುಂಡು ತುಂಡಾಗಿ ಬಂತು. "ನಡುವೆ ಡ್ರಿಲ್ ಕಿರುಚ್ತು... ಆಗ ಭಯ ಆಗಿ ಜೋರಾಗಿ ಬಡಿದೆ. ಆಮೇಲೆ ಮತ್ತೆ ಗುರ್ ಅಂತ ನಿಧಾನ ಆಯ್ತು. ದಲೀಲಾ ಕೈ ಅಂತ ಗೊತ್ತಾಯ್ತು. ಬಾಗಿಲು ಅದುರಿದ್ರೆ ಬಿಟ್ ಮುರೀತದಲ್ಲ... ಅದಕ್ಕೇ ಸುಮ್ನೆ ಕೂತೆ."

ಲಸ್ಸಾದ್ ತಲೆ ತಗ್ಗಿಸಿದ. ನಾನು ಮೊನ್ಸೆಫ್‌ನ ಹಿಮಗಟ್ಟಿದ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು, ಅವನ ಎದೆಯ ಮೇಲೆ ಗುದ್ದಿ ಗುದ್ದಿ ಅತ್ತೆ.

"ಮುರಿದ್ರೆ ಮುರೀಲಿ ಕಣೋ," ಎಂದೆ. "ನೀನು ಬಡೀತಾ ಇರ್ಬೇಕಿತ್ತು."