ಒಗೆಯದ ಕಂಬಳಿ

ನಾಯಿಯ ಹೆಸರು ಜೂಲ. ಮರಿಯಾಗಿದ್ದಾಗ ಕಣ್ಣೇ ಕಾಣದಷ್ಟು ಕೂದಲಿತ್ತೆಂದು ನರಸಪ್ಪ ಇಟ್ಟ ಹೆಸರು. ಈಗ ಬೆನ್ನ ಮೇಲೆ ಅಂಗೈಯಗಲ ಬೋಳು, ಕಿವಿಯ ಹಿಂದೆ ಹಕ್ಕಳೆ. ಹಗಲೆಲ್ಲ ಕೆರೆದುಕೊಳ್ಳುವುದೊಂದೇ ಕೆಲಸ. ಹೆಸರಿಗೂ ಮೈಗೂ ಎಣ್ಣೆ ಸೀಗೆಕಾಯಿ.

"ಕುರಿ ಮರಿ ಹಾಕೋ ಕಾಲ. ಇದ್ರ ಕಜ್ಜಿ ಮಂದೆಗೆ ಹತ್ತಿದ್ರೆ ಗತಿಯೇನು? ಯುಗಾದಿ ತಂಕ ನೋಡ್ತೀನಿ ಕಣಮ್ಮ. ವಾಸಿಯಾಗ್ದಿದ್ರೆ ಪಾವಗಡದಾಗೆ ಬುಟ್ಬತ್ತೀನಿ" ಎಂದುಬಿಟ್ಟ ಮಗ ಶಿವರಾಜು.

ಕರಿಯಕ್ಕನ ಗಂಡ ನರಸಪ್ಪ ತೀರಿಕೊಂಡು ವರ್ಷವಾಗಿತ್ತು. ಒಂಬತ್ತು ವರ್ಷ ಅವನ ಹಿಂದೆ ಕುರಿ ಕಾದ ನಾಯಿ ಇದು. ಹೊತ್ತಿಳಿಯುವಾಗ ಇವತ್ತಿಗೂ ಬೇಲಿಯ ಬಳಿ ಹೋಗಿ ದಾರಿ ನೋಡುತ್ತದೆ. ಅವನಿಗಾಗಿ ಕಾಯುವ ಜೀವ ಅದೊಂದೇ ಉಳಿದಿತ್ತು.

ಮದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಬೇವಿನ ಸೊಪ್ಪು ಕುದಿಸಿ ಆರಿಸಿದ ನೀರಲ್ಲಿ ಮೈ ತೊಳೆದಳು. ಒಣಗಿದ ಮೇಲೆ ಹೊಂಗೆ ಎಣ್ಣೆಗೆ ಚಿಟಿಕೆ ಅರಿಸಿನ ಕಲಸಿ ತೆಳ್ಳಗೆ ಸವರಿ, ನೆಕ್ಕದಂತೆ ಹಳೇ ಪಂಚೆ ಸುತ್ತಿದಳು. ನರಸಪ್ಪ ಮಾಡುತ್ತಿದ್ದದ್ದೂ ಹೀಗೆಯೇ. ಕ್ಯಾತಗಾನಚೆರ್ಲಿನ ಕಡೆ ಈಗ ಸೋಲಾರ್ ಹಲಗೆಗಳು ಮಿನುಗುವ ಬಯಲಿನಲ್ಲಿ ಒಂದು ಹೊಂಗೆಮರವಿತ್ತು. ಅದರಡಿ ಕೂತು ಕುರಿಗೂ ನಾಯಿಗೂ ಎಣ್ಣೆ ಹಚ್ಚಿ, ಅದೇ ಕೈಯಲ್ಲಿ ಬೀಡಿ ಸೇದಿ, ಅದೇ ವಾಸನೆ ಹೊತ್ತು ಮನೆಗೆ ಬರುತ್ತಿದ್ದ. ಮದುವೆಯಾದ ಹೊಸತರಲ್ಲಿ ಕರಿಯಕ್ಕ ಆ ಕಮಟಿಗೆ ಮೂಗು ಮುಚ್ಚಿಕೊಂಡು ಗೋಡೆ ಕಡೆ ತಿರುಗಿ ಮಲಗುತ್ತಿದ್ದಳು. ಎಂಥ ದಡ್ಡಿ.

ನಾಲ್ಕು ದಿನ ಕೆರೆತ ತಗ್ಗಿತು, ಐದನೆಯ ದಿನ ಮತ್ತೆ ಶುರು. ಮೂರು ಸಲ ಹೀಗೇ ಆಯಿತು. ಯುಗಾದಿ ಹತ್ತಿರವಾಗುತ್ತಿತ್ತು. ಪಕ್ಕದ ಮನೆಯ ಓಬಳಮ್ಮ ಬಂದು ನೋಡಿದಳು.

"ಅದು ಎಲ್ಲಿ ಪಂಡ್ಕೊಂತದೆ? ಮಲಗೋದೆಲ್ಲಿ ಅಂತೀನಿ."

ಕರಿಯಕ್ಕ ಕೈ ತೋರಿದಳು. ಜಗುಲಿಯ ಮೂಲೆಯಲ್ಲಿ ನರಸಪ್ಪನ ಕರೀ ಕಂಬಳಿ ಬಿದ್ದಿತ್ತು. ಜೂಲ ಮಲಗುತ್ತಿದ್ದದ್ದು ಅದರ ಮೇಲೆ. ಅವರ ಮನೆತನದಲ್ಲಿ ಕಂಬಳಿ ಒಗೆಯುವ ಪದ್ಧತಿಯಿಲ್ಲ. ಕಂಬಳಿಗೆ ಮಡಿ ಮೈಲಿಗೆ ಇಲ್ಲವೆಂದು ಕೊಡವಿ ಬಿಸಿಲಿಗೆ ಹಾಕುತ್ತಾರೆ, ಅಷ್ಟೆ. ಕರಿಯಕ್ಕ ಬಿಸಿಲಿಗೂ ಹಾಕಿರಲಿಲ್ಲ. ಗಂಡನ ವಾಸನೆ ಹಾರಿಹೋದೀತೆಂಬ ಭಯ ಅವಳದು.

"ಕಂಬ್ಳೀಲಿ ಉಣ್ತಾ ಕೂದ್ಲು ಹುಡುಕ್ದಂಗಾತು ನಿನ್ ಕತೆ. ಹುಳ ಇರೋದೇ ಅದ್ರಾಗೆ. ಕುದಿಯೋ ನೀರಿಗೆ ಹಾಕು, ಇಲ್ಲಾ ನಾಯಿ ಆಸೆ ಬುಡು" ಎಂದಳು ಓಬಳಮ್ಮ.

ಅವಳು ಹೋದ ಮೇಲೆ ಕರಿಯಕ್ಕ ಬಹಳ ಹೊತ್ತು ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಖ ಹುದುಗಿಸಿ ಉಸಿರೆಳೆದಳು. ಕುರಿ, ಬೀಡಿ, ಎಣ್ಣೆ, ಅವನು. ಆಮೇಲೆ ಎದ್ದು ಹಂಡೆಯ ನೀರಿಗೆ ಬೇವಿನ ಸೊಪ್ಪು ಹಾಕಿ ಉರಿ ಹಚ್ಚಿದಳು. ಕಂಬಳಿ ಕುದಿಯುವಾಗ ಹೊಗೆಯ ನೆಪವನ್ನೂ ಹೇಳದೆ ಅತ್ತಳು.

ಮೂರು ದಿನ ಬಂಡೆಯ ಮೇಲೆ ಒಣಗಿದ ಕಂಬಳಿ ಬರೀ ಬೇವು ನಾರಿತು. ಹಾಸಿಕೊಟ್ಟರೆ ಜೂಲ ನಾಲ್ಕೂ ಮೂಲೆ ಮೂಸಿತು, ಸುತ್ತು ಹಾಕಿತು, ಮಲಗಲಿಲ್ಲ. ಕುಂಯ್‌ಗುಟ್ಟುತ್ತಾ ಅವಳ ಹತ್ತಿರ ಬಂದು ಅಂಗೈಯಲ್ಲಿ ಮೂಗಿಟ್ಟು ಅಲ್ಲೇ ಕಣ್ಣು ಮುಚ್ಚಿತು. ಕರಿಯಕ್ಕನಿಗೆ ಆಶ್ಚರ್ಯವಾಯಿತು. ಇನ್ನೊಂದು ಕೈಯನ್ನು ತನ್ನ ಮೂಗಿನ ಬಳಿ ತಂದಳು. ತಿಂಗಳಿಂದ ಹಚ್ಚಿದ ಹೊಂಗೆ ಎಣ್ಣೆ ಉಗುರ ಸಂದಿಗೆಲ್ಲ ಇಳಿದಿತ್ತು. ಅದು ಥೇಟ್ ನರಸಪ್ಪನ ಕೈ ವಾಸನೆ.

ಯುಗಾದಿಯ ಹೊತ್ತಿಗೆ ಬೋಳಿನ ಮೇಲೆ ಎಳೇ ಕೂದಲು ಚಿಗುರಿತು. ಶಿವರಾಜು ತಾನೇ ಜೂಲನನ್ನು ಮಂದೆಗೆ ಕರೆದೊಯ್ದ. ಸಂಜೆ ತಿರುಗಿ ಬಂದಾಗ ತಾಯಿ ಎಣ್ಣೆ ಬಟ್ಟಲು ಹಿಡಿದು ಜಗುಲಿಯಲ್ಲಿ ಕಾಯುತ್ತಿದ್ದಳು.

"ವಾಸಿಯಾತಲ್ಲಮ್ಮ, ಇನ್ಯಾಕೆ?"

"ಇನ್ನೊಂದ್ಸಲ ಹಚ್ತೀನಿ, ಸುಮ್ಕಿರ್ಲಾ" ಎಂದಳು ಕರಿಯಕ್ಕ.