ನಾನು ಜಗ್ಗಿರಲಿಲ್ಲ

ನಾನೊಂದು ಅಳತೆಯ ಟೇಪು. ದರ್ಜಿಗಳ ಕೊರಳಲ್ಲಿ ಸದಾ ನೇತಾಡುತ್ತದಲ್ಲ, ಅದೇ. ಯಾವ ಊರಿನ ಕಾರ್ಖಾನೆಯಲ್ಲಿ ಹುಟ್ಟಿದೆನೋ ನೆನಪಿಲ್ಲ. ಹೇಗೆ ಹುಟ್ಟಿದೆನೆಂಬುದು ಮಾತ್ರ ಮೈಗೇ ಗೊತ್ತು. ಸಣ್ಣ ಗಾಜಿನ ನೂಲನ್ನು ಒತ್ತೊತ್ತಾಗಿ ಕೂಡಿಸಿ, ಮೇಲೆ ಹಳದಿ ಪ್ಲಾಸ್ಟಿಕ್ಕಿನ ಲೇಪ ಕೊಟ್ಟು, ಕರಿ ಅಂಕಿ ಒತ್ತಿದರು. ತುದಿಗೆ ಹಿತ್ತಾಳೆಯ ಟೋಪಿ ಹಾಕಿದರು. ಬರಿ ಬಟ್ಟೆಯ ಟೇಪುಗಳು ವಯಸ್ಸಾದಂತೆ ಜಗ್ಗಿ ಉದ್ದವಾಗುತ್ತವೆ, ಆಮೇಲೆ ಹೇಳಿದ್ದೆಲ್ಲ ಸುಳ್ಳು. ಗಾಜಿನ ನೂಲಿನವರು ಹರಿದೇವು, ಜಗ್ಗುವವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಮೇಲೆ ಬಂದ ಅಪವಾದ ಇದರದ್ದೇ.

ನನ್ನನ್ನು ಕೊಂಡವಳು ಗದಗ-ಬೆಟಗೇರಿಯ ಅನ್ನಪೂರ್ಣಕ್ಕ. ಹೆಂಗಸರ ಜಂಪರು ಹೊಲಿಯುವುದರಲ್ಲಿ ಅವಳದು ಎತ್ತಿದ ಕೈ. ಅವಳು ಹೊಲಿದದ್ದನ್ನು ಯಾರೂ ಬಿಚ್ಚಿಸಲು ತರುತ್ತಿರಲಿಲ್ಲ. ಬೆಳಿಗ್ಗೆ ಕೊರಳಿಗೆ ನನ್ನನ್ನು ಹಾಕಿಕೊಂಡರೆ ಊಟಕ್ಕೆ ಕೂತಾಗಲೂ ತೆಗೆಯುವವಳಲ್ಲ. ಸಾರಿನ ಹನಿ ಬಿದ್ದ ಕಲೆ ಇನ್ನೂ ನನ್ನ ಮೈಮೇಲಿದೆ. ತಾಳಿಯಾದರೂ ಸೆರಗಿನ ಒಳಗಿರುತ್ತಿತ್ತು, ನಾನು ಮೇಲಿರುತ್ತಿದ್ದೆ. ಸೊಕ್ಕು ಬಂದಿತ್ತು ನನಗೆ, ಸುಳ್ಳೇಕೆ ಹೇಳಲಿ.

ಒಮ್ಮೆ ಗಿರಾಕಿಯೊಬ್ಬಳ ಹಲ್ಲು ಬರುತ್ತಿದ್ದ ಕೂಸು ನನ್ನ ತುದಿಯನ್ನು ಬಾಯಿಗಿಟ್ಟು ಕಡಿದು, ಹಿತ್ತಾಳೆಯ ಟೋಪಿ ಕಿತ್ತು, ಅಂಚನ್ನು ಚಿಂದಿ ಮಾಡಿತು. ಅಕ್ಕ ಒಂದನೆಯ ಇಂಚಿನ ಗೆರೆಗೆ ಸರಿಯಾಗಿ ಕತ್ತರಿ ಇಟ್ಟು ನನ್ನ ತುದಿಯನ್ನು ತೆಗೆದುಹಾಕಿದಳು. ಹೊಸದು ಕೊಳ್ಳೆಂದು ಮನೆಯವರು ಹೇಳಿದರೆ, "ಕೈಗೆ ಕುಂತದ್ದು ಬಿಡಬಾರದು" ಅಂದಳು. ಅಂದಿನಿಂದ ನಾನು ಮೂವತ್ತೇಳು ತೋರಿಸಿದರೆ ಅವಳು ಬಾಯಲ್ಲಿ ಮೂವತ್ತಾರು ಅನ್ನುವಳು. ಒಂದು ಕಳೆಯುವುದು ಅವಳ ಕೈಗೆ ಎಷ್ಟು ರೂಢಿಯಾಯಿತೆಂದರೆ, ಕಳೆಯುತ್ತಿದ್ದೇನೆ ಎಂಬುದೇ ಅವಳಿಗೆ ಮರೆತುಹೋಯಿತು.

ಆಮೇಲೆ ಫೋನಿನಲ್ಲಿ ಸಿದ್ಧ ಜಂಪರು ತರಿಸುವ ಕಾಲ ಬಂತು. ಅಕ್ಕನ ಅಂಗಡಿ ಬಿಕೋ ಎಂದಿತು. ಆಗಲೇ ಪ್ರಮೋದ ಎಂಬ ಮೇಲ್ವಿಚಾರಕ ಬಂದು ಹೇಳಿದ: "ನೋಡಿ ಮೇಡಂ, ಒಂದು ಕಂಪನಿಯ ಮೂವತ್ತಾರು ಇನ್ನೊಂದು ಕಂಪನಿಯ ಮೂವತ್ತೆಂಟಿಗೆ ಸಮ ಇರುತ್ತೆ. ಕೊಳ್ಳೋರಿಗೆ ಗೊತ್ತಾಗಲ್ಲ. ನಮ್ಮದೊಂದು ಎಐ ಸಹಾಯಕ ಇದೆ. ಅದು ಹುಡುಕಿ, ಹೋಲಿಸಿ, ಯಾರಿಗೆ ಯಾವುದು ಕೂರುತ್ತೆ ಅಂತ ಹೇಳುತ್ತೆ. ಅದಕ್ಕೆ ನಿಜವಾದ ಅಳತೆ ಬೇಕು. ಅಳೆದವರ ಹೆಸರನ್ನೂ ಹೇಳಿಸ್ತೀವಿ."

ಅಕ್ಕ ಒಪ್ಪಿದ್ದು ಆ ಕೊನೆಯ ಮಾತಿಗೆ. ಅಂಗಡಿ ಹೋದರೂ ಹೆಸರು ಉಳಿಯಲಿ ಎಂಬುದೊಂದೇ ಅವಳ ಆಸೆ. ಪಕ್ಕದ ಓಣಿಯ ವಿಜಯಲಕ್ಷ್ಮಿಯನ್ನೂ ಜೊತೆಗೆ ಸೇರಿಸಿದಳು. ಗಂಡ ತೀರಿದ ಮೇಲೆ ಸಣ್ಣ ಮಗನನ್ನು ಕಟ್ಟಿಕೊಂಡು ದಿಕ್ಕು ತೋಚದೆ ಕೂತಿದ್ದ ವಿಜಿಗೆ ಸೂಜಿ ಹಿಡಿಯಲು ಕಲಿಸಿದವಳೇ ಅಕ್ಕ. ಇಬ್ಬರೂ ಗೋದಾಮಿನ ಮೇಜಿಗೆ ಕೂತರು. ಜಂಪರಿನ ಹುಕ್ಕು ಬಿಚ್ಚಿ ಪೂರ್ತಿ ಹರವಿ ಅಳೆಯುವುದು, ಅಂಕಿಯನ್ನು ಕಂಪ್ಯೂಟರಿಗೆ ತುಂಬುವುದು, ಬಗಲು ಬಿಗಿಯೋ, ಒಗೆದರೆ ಕುಗ್ಗೀತೋ ಎಂದು ಬಾಯಲ್ಲಿ ಹೇಳುವುದು. ಒಂದು ದಿನ ಪ್ರಮೋದ ಫೋನು ಹಿಡಿದು ಸಹಾಯಕನನ್ನು ಏನೋ ಕೇಳಿದ. ಅದು, "ಗದಗಿನ ಅನ್ನಪೂರ್ಣಾ ಅವರ ಅಳತೆಯ ಪ್ರಕಾರ ನಿಮಗೆ ಎರಡನೆಯದೇ ಒಳ್ಳೆಯದು" ಎಂದು ಹೇಳಿತು. ಅಕ್ಕ ನಾಚಿ ನನ್ನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆ ಸುಖ ನನಗೂ ಆಯಿತು.

ತಂಗಿಯ ಮಗಳ ಸೀಮಂತದ ಕುಬಸಕ್ಕೆಂದು ಅಕ್ಕ ಮುಂಡರಗಿಗೆ ಹೊರಟಳು. ವಿಜಿಯ ಟೇಪು ಎಲ್ಲೋ ಕಳೆದಿತ್ತು. ಅಕ್ಕ ತಾನೇ ನನ್ನನ್ನು ತೆಗೆದು ಅವಳ ಕೊರಳಿಗೆ ಹಾಕಿದಳು.

"ನನ್ನ ಕೈನೇ ಇಟ್ಟು ಹೋಗೇನಿ ಅಂತ ತಿಳ್ಕೊ. ನನ್ನ ಹೆಸರಿನ ಕೆಲಸ ನಿಲ್ಲಬಾರದವ್ವಾ, ನೀನೇ ತುಂಬು" ಅಂದಳು.

ಒಂದು ಕಳೆ ಎಂದು ಹೇಳಲಿಲ್ಲ. ಕೈಯ ಲೆಕ್ಕ ಬಾಯಿಗೆ ಬರಲಿಲ್ಲ. ವಿಜಿ ನನ್ನ ತುದಿಯನ್ನು ಅಂಚಿಗಿಟ್ಟು, ಕಂಡ ಅಂಕಿಯನ್ನೇ ತುಂಬುತ್ತ ಹೋದಳು. ರಾಶಿ ಮುಗಿಯುತ್ತ ಬಂದಾಗ ಅಕ್ಕ ಹಿಂದೆಯೇ ಅಳೆದಿದ್ದ ಒಂದು ಜಂಪರು ಅವಳ ಕೈಗೆ ಬಂತು. ಅಂಕಿ ಕೂಡಲಿಲ್ಲ. ಮತ್ತೆ ಅಳೆದಳು. ನನ್ನ ತುದಿಯನ್ನು ಕಣ್ಣ ಹತ್ತಿರ ತಂದು ನೋಡಿದಳು. ಒಂದನೆಯ ಇಂಚೇ ಇಲ್ಲದ್ದು ಕಂಡಿತು. ಅತ್ತಿತ್ತ ನೋಡಿ, ನನ್ನನ್ನು ಗಟ್ಟಿಯಾಗಿ ಸುತ್ತಿ ಡಬ್ಬಿಗೆ ಹಾಕಿ ಮುಚ್ಚಿದಳು. ತುಂಬಿದ್ದನ್ನು ತಿದ್ದಲಿಲ್ಲ. ಇದಕ್ಕೆ ಸಾಕ್ಷಿ ನಾನೊಬ್ಬನೇ.

ಆ ಅಳತೆ ನಂಬಿ ಸಹಾಯಕ ಊರೂರಿನ ಹೆಂಗಸರಿಗೆ "ಇದು ಸಡಿಲ ಇದೆ, ಧೈರ್ಯವಾಗಿ ಕೊಳ್ಳಿ" ಎಂದಿತು. ಕೊಂಡವರಿಗೆ ಹುಕ್ಕೇ ಕೂಡಲಿಲ್ಲ. ಬೈಗುಳದ ಮಳೆ ಬಂತು, ಬೈದದ್ದೆಲ್ಲ ಅನ್ನಪೂರ್ಣಾ ಎಂಬ ಹೆಸರಿಗೆ. ಪ್ರಮೋದ ಇಬ್ಬರನ್ನೂ ನಿಲ್ಲಿಸಿ ಕೇಳಿದ.

ಅಕ್ಕನಿಗೆ ಆಗ ಕಳೆಯುವುದು ನೆನಪಾಯಿತು. ವಿಜಿಯ ಕಡೆ ತಿರುಗಿ, "ಒಂದ್ ಇಂಚು ಕಳದಿದ್ದಿಲ್ಲೋ?" ಅಂದಳು.

"ಕಳದೇ ತುಂಬೇನ್ರಿ ಅಕ್ಕಾರ. ಟೇಪು ಹಳೇದು, ಜಗ್ಗೇತಿ. ಹೊಸಾದು ತಗೋರಿ ಅಂತ ನಾ ಹೇಳಿದ್ದೆ, ನೀವೇ ಕೇಳಲಿಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇರಲಿ, ಅವಳು ಅನ್ನಲಿ. ನನ್ನ ಎದೆ ಒಡೆದದ್ದು ಅಕ್ಕ ಅದನ್ನು ನಂಬಿದ್ದಕ್ಕೆ. ಇಷ್ಟು ವರ್ಷ ಕೊರಳಲ್ಲಿದ್ದ ನನ್ನನ್ನು ಒಮ್ಮೆ ಸ್ಕೇಲಿನ ಪಕ್ಕ ಇಟ್ಟು ನೋಡುವಷ್ಟೂ ಅವಳಿಗೆ ಅನಿಸಲಿಲ್ಲ. ಜಗ್ಗಿದ ಟೇಪು ಅಂಕಿ ಕಡಿಮೆ ತೋರಿಸೀತೇ ಹೊರತು ಹೆಚ್ಚು ತೋರಿಸದು, ಆ ಗಾಬರಿಯಲ್ಲಿ ಅದೂ ಹೊಳೆಯಲಿಲ್ಲ. ಪ್ರಮೋದ ಕೆಲಸ ಬಿಡಿಸಿದ ಮೇಲೆ ನನ್ನನ್ನು ಡಬ್ಬಿಯಿಂದ ಎತ್ತಿಕೊಂಡು ತಲೆ ತಗ್ಗಿಸಿ ಮನೆಗೆ ಬಂದಳು. "ಮಾನ ಕಳದಿ ನೀನು" ಎಂದು ನನ್ನ ಮೇಲೆ ಹರಿಹಾಯ್ದು, ಹಿತ್ತಲಿನ ಹೀರೆ ಬಳ್ಳಿಯನ್ನು ಕಿಟಕಿಯ ಸರಳಿಗೆ ಕಟ್ಟಲು ನನ್ನನ್ನು ಬಳಸಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಿಸಿಲಲ್ಲಿ ನೇತಾಡುತ್ತ ಕಿಟಕಿಯೊಳಗೆ ನೋಡಿದರೆ, ಅವಳ ಕೊರಳಲ್ಲಿ ಹೊಸ ಗುಲಾಬಿ ಬಣ್ಣದ ಟೇಪು. ಗೋದಾಮಿನಲ್ಲಿ ವಿಜಿ ಮುಂದುವರಿದಳೆಂದೂ, ಸಹಾಯಕ ಈಗ ಅವಳ ಹೆಸರು ಹೇಳುತ್ತದೆಂದೂ ಬಂದುಹೋದವರ ಮಾತಿನಿಂದ ತಿಳಿಯಿತು.

ಹೀರೆ ಬಳ್ಳಿ ಒಣಗಿತು. ಅದನ್ನು ಕೀಳುವಾಗ ನಾನು ಅಕ್ಕನ ಕೈಗೆ ಬಂದೆ. ಏನನ್ನಿಸಿತೋ, ಮಣ್ಣು ಒರೆಸಿ ನನ್ನನ್ನು ಮೇಜಿನ ಮೇಲೆ ಹೊಸ ಟೇಪಿನ ಮಗ್ಗುಲಿಗೆ ಹಾಸಿದಳು. ಒಂದನೆಯ ಇಂಚಿನ ಗೆರೆಗೆ ಅದೇ ಗೆರೆ ಇಟ್ಟು ಬೆರಳಾಡಿಸುತ್ತ ಹೋದಳು. ಕೊನೆಯವರೆಗೂ ಗೆರೆಗೆ ಗೆರೆ ಕೂಡಿತು.

"ಜಗ್ಗೇ ಇಲ್ಲಲ್ಲೋ ಶಿವನೇ" ಎಂದು ಇನ್ನೊಮ್ಮೆ ತುದಿಯಿಂದ ಬೆರಳಾಡಿಸಿದಳು.

ಶ್ರಾವಣದಲ್ಲಿ ವಿಜಿಯೇ ಬಂದಳು, ಕೈಯಲ್ಲಿ ಜಂಪರಿಗೆಂದು ತಂದ ರೇಷ್ಮೆಯ ಕಣ. ತಮ್ಮನ ನಿಶ್ಚಯವಂತೆ. "ರೆಡಿಮೇಡ್ ನನಗ ಒಪ್ಪೂದಿಲ್ರಿ ಅಕ್ಕಾರ, ನಿಮ್ಮ ಕೈದೇ ಬೇಕು" ಅಂದಳು. ಅಕ್ಕ ಗುಲಾಬಿ ಟೇಪನ್ನು ತೆಗೆದಿಟ್ಟು ನನ್ನನ್ನು ಎತ್ತಿಕೊಂಡಳು. ನನಗೆ ಹೋದ ಜೀವ ಬಂದಂತಾಯಿತು. ವಿಜಿಯ ಎದೆಗೆ ಸುತ್ತಿ ಹೇಳಿದಳು:

"ಮೂವತ್ತೊಂಬತ್ತು. ಒಂದು ಕಳದ್ರ ಮೂವತ್ತೆಂಟು. ಹಿಂಗ ಕಳೀಬೇಕಿತ್ತು, ವಿಜಿ."

ವಿಜಿಯ ಉಸಿರು ನಿಂತದ್ದು ನನ್ನ ಮೈಗೆ ಗೊತ್ತಾಯಿತು. "ಆ ಕೆಲಸ ಹೋಗಿದ್ರ ನಾ ಮಗನ್ನ ಕಟ್ಕೊಂಡು ಎಲ್ಲಿಗೆ ಹೋಗ್ಬೇಕಿತ್ತ್ರೀ?" ಅಂದಳು.

"ನನಗ ಒಂದ್ ಮಾತು ಹೇಳಿದ್ರ ಸಾಕಿತ್ತು. ನಂದೇ ತಪ್ಪಂತ ಒಪ್ಕೊಂತಿದ್ದೆ."

ಜಂಪರನ್ನು ಅಕ್ಕ ಚೆಂದವಾಗಿಯೇ ಹೊಲಿದಳು. ಇನ್ನು ನನ್ನ ಜಾಗ ನನಗೆ ಸಿಕ್ಕಿತೆಂದು ನಾನು ಕಾದೆ. ಆದರೆ ಮಡಿಸಿದ ಜಂಪರಿನ ನಡುವೆ ಅಕ್ಕ ನನ್ನನ್ನೂ ಸುತ್ತಿಟ್ಟು ವಿಜಿಯ ಕೈಗೆ ಕೊಟ್ಟಳು. "ಇದೂ ನಿನ್ನ ಹತ್ತಿರನೇ ಇರಲಿ" ಅಂದಳು, ಅಷ್ಟೆ.

ಈಗ ನಾನು ವಿಜಿಯ ಕಪಾಟಿನ ತಳದಲ್ಲಿದ್ದೇನೆ. ಅವಳು ನನ್ನನ್ನು ಎಸೆಯುವುದಿಲ್ಲ, ಮುಟ್ಟುವುದೂ ಇಲ್ಲ. ಸೀರೆ ತೆಗೆಯಲು ಬಾಗಿಲು ತೆರೆದಾಗ ನಾನು ಕಂಡರೆ ಮುಖ ತಿರುಗಿಸುತ್ತಾಳೆ. ಅವಳನ್ನು ನಾನು ಎಂದೋ ಕ್ಷಮಿಸಿದೆ, ಹೊರಗಿನವಳು, ಹೆದರಿದ್ದಳು. ಅಕ್ಕನ ಮೇಲಿನ ಸಿಟ್ಟು ಮಾತ್ರ ಇಳಿಯದು. ಸುಳ್ಳು ನಂಬಿ ನನ್ನನ್ನು ಬಳ್ಳಿಗೆ ಕಟ್ಟಿದಳು, ಅದನ್ನು ಸಹಿಸಿದೆ. ಸತ್ಯ ಗೊತ್ತಾದ ಮೇಲೆ ಅದನ್ನು ಇನ್ನೊಬ್ಬಳಿಗೆ ಚುಚ್ಚಲು ನನ್ನನ್ನು ಕೊಟ್ಟುಬಿಟ್ಟಳು. ನನಗೆ ಅವಳ ಕೊರಳು ಬೇಕಿತ್ತೆಂಬುದು ಅವಳಿಗೆ ಹೊಳೆಯಲೇ ಇಲ್ಲ.