ಅತ್ತೆ ತಿದ್ದಿದ ಕಂಪ್ಯೂಟರ್

ನನ್ನ ಸೋದರತ್ತೆ ಯಾವ ವಸ್ತುವನ್ನೂ ಇದ್ದ ಹಾಗೆ ನೋಡಿದವಳಲ್ಲ. ಅದು ಹೇಗಿರಬಹುದಿತ್ತು ಎಂಬುದನ್ನೇ ನೋಡುತ್ತಿದ್ದಳು. ಶ್ರವಣಯಂತ್ರ ದುರಸ್ತಿಯ ಅಂಗಡಿಯಲ್ಲಿ ಮೂವತ್ತು ವರ್ಷ ಬಗ್ಗಿ ಕುಳಿತು ಎಡಕ್ಕೆ ವಾಲಿದ ನಡಿಗೆ, ಪೆನ್ಸಿಲ್ ಮೊನೆಗಳು ಜೇಬು ತೂತು ಮಾಡಿದ್ದ ಬೂದುಬಣ್ಣದ ಕೋಟು, ಪ್ರತಿ ಮಾತಿಗೂ "ಅಲ್ಲ, ಹೀಗೆ ನೋಡು" ಎಂಬ ಪೀಠಿಕೆ: ಇಷ್ಟು ನೆನೆದರೆ ಸಾಕು, ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುತ್ತಿದ್ದ ನನ್ನ ಕಣ್ಣಿಗೆ ಅವಳು ಇಡಿಯಾಗಿ ಬಂದು ನಿಲ್ಲುತ್ತಾಳೆ.

ಯೌವನದಲ್ಲಿ ಕೊಂಡ ಹೋಮ್ ಕಂಪ್ಯೂಟರೊಂದು ಅವಳ ಕೋಣೆಯಲ್ಲಿತ್ತು. ಟಿವಿಗೆ ಜೋಡಿಸಿ ನಡೆಸುವಂಥದು, ಕೀಲಿಗಳೆಲ್ಲ ಹಳದಿಗಟ್ಟಿದ್ದವು. ಚಿತ್ರ ಬರೆಯುವ ಚಿಪ್ಪೂ ಲೆಕ್ಕ ಮಾಡುವ ಚಿಪ್ಪೂ ಅದರಲ್ಲಿ ಒಂದೇ ಮೆಮೊರಿಯನ್ನು ಹಂಚಿಕೊಂಡು, ಒಂದರ ಸರದಿ ಮುಗಿಯುವತನಕ ಇನ್ನೊಂದು ಕೈಕಟ್ಟಿ ನಿಲ್ಲಬೇಕಾದದ್ದು ಅವಳ ಜೀವಮಾನದ ಕೊರಗು. "ಒಲೆ ಒಂದು, ವಾರಗಿತ್ತೀರು ಇಬ್ರು. ಅಡುಗೆ ಹೊತ್ತಾಗದೆ ಇನ್ನೇನಾಗತ್ತೆ?" ಎನ್ನುತ್ತಿದ್ದಳು. ಚಿತ್ರಕ್ಕೇ ಬೇರೆ ಮೆಮೊರಿ, ಇನ್ನೊಂದು ಧ್ವನಿಯ ಚಿಪ್ಪು, ಡಿಸ್ಕಿಗೆ ಅಗಲವಾದ ದಾರಿ ಎಂದು ಹನ್ನೊಂದು ಚೌಕುಳಿ ಪುಸ್ತಕಗಳ ತುಂಬ ನಕ್ಷೆ ಬರೆದಳು. ಮದುವೆಯ ಮಾತು ಬಂದು ಹೋದದ್ದು, ಕಣ್ಣಿಗೆ ಪೊರೆ ಬಂದದ್ದು ಎಲ್ಲವೂ ಆ ಹಾಳೆಗಳ ನಡುವೆಯೇ ಕಳೆದುಹೋಯಿತು. ಆದರೆ ಯಂತ್ರದ ಮುಚ್ಚಳಕ್ಕೆ ಅವಳು ಒಮ್ಮೆಯೂ ಸ್ಕ್ರೂಡ್ರೈವರ್ ಮುಟ್ಟಿಸಲಿಲ್ಲ.

"ನೀನೇ ಬೆಸುಗೆ ಹಾಕಬಾರದಾ ಅತ್ತೆ?" ಎಂದರೆ, "ತಪ್ಪು ಮಾಡಿದೋರು ಒಪ್ಕೋಬೇಕು ಕಣೋ" ಎನ್ನುವಳು.

"ಕಂಪನಿ ಮುಚ್ಚಿ ಯಾವ ಕಾಲವಾಯ್ತು!"

"ಕಂಪನಿ ಮುಚ್ಚಿದ್ರೆ ಮಾಡಿದೋರು ಎಲ್ಲಿ ಹೋಗ್ತಾರೆ?"

ಒಂದು ಮಧ್ಯಾಹ್ನ, ಶ್ರವಣಯಂತ್ರ ಕರಕರ ಎನ್ನುತ್ತದೆಂದು ಬಂದ ವೃದ್ಧರೊಬ್ಬರು, ಮಾತಿನಿಂದ ಮಾತು ಹೊರಟು, ಆ ಕಂಪ್ಯೂಟರನ್ನು ರೂಪಿಸಿದವರಲ್ಲಿ ತಾವೂ ಒಬ್ಬರೆಂದರು. ಅತ್ತೆ ಚಿಮಟ ಕೆಳಗಿಟ್ಟು, ಯಂತ್ರ ನಾಳೆ ಸಿಗುತ್ತದೆ, ಬನ್ನಿ ಎಂದಳು. ಮರುದಿನ ಅವರು ಬರುವ ಹೊತ್ತಿಗೆ ಹನ್ನೊಂದೂ ಪುಸ್ತಕ ಮೇಜಿನ ಮೇಲಿದ್ದವು, ಕೋಟಿಗೆ ಇಸ್ತ್ರಿಯಾಗಿತ್ತು. ಅವರು ಬೆರಳು ಒದ್ದೆಮಾಡಿಕೊಂಡು, ತಾಳ್ಮೆಯಿಂದ, ಒಂದೊಂದೇ ಹಾಳೆ ತಿರುವಿದರು. ಕೊನೆಗೆ ಕಿವಿ ಮಂದವಾದವರ ಗಟ್ಟಿ ದನಿಯಲ್ಲಿ, "ಎಲ್ಲಾ ಸರಿ ಇದೆಯಮ್ಮ. ಇದು ನಮಗೂ ಮೊದಲನೇ ತಿಂಗಳೇ ಹೊಳೆದಿತ್ತು. ಮೇಲಿನವರು ಬೇಡ ಅಂದ್ರು, ಬಿಟ್ವಿ" ಎಂದರು.

"ಬಿಟ್ರಾ?"

"ಬಿಟ್ವಿ. ಆಮೇಲೆ ನೆನಪೂ ಬರಲಿಲ್ಲ."

ಅತ್ತೆ ಅಳಲಿಲ್ಲ. ಸರಿಪಡಿಸಿದ್ದ ಶ್ರವಣಯಂತ್ರವನ್ನು ಅವರ ಕಿವಿಗೆ ತಾನೇ ಕೂರಿಸಿ, ಬಾಗಿಲವರೆಗೂ ಹೋಗಿ ಬೀಳ್ಕೊಟ್ಟು ಬಂದಳು. ಆಮೇಲೆ ಬದುಕಿದ ನಾಲ್ಕು ವರ್ಷ ಒಂದು ಗೆರೆಯನ್ನೂ ಎಳೆಯಲಿಲ್ಲ. ಒಮ್ಮೆ ಮಾತ್ರ, ಕೆಲಸದಿಂದ ತಲೆಯೆತ್ತದೆ ಕೇಳಿದಳು: "ಅವರಿಗೆ ಹೊಳೀಲಿಲ್ಲ ಅಂದ್ಕೊಂಡಿದ್ದೆ ಕಣೋ. ಹೊಳೆದೂ ಬಿಟ್ರಲ್ಲ, ಅದು ಹೇಗೆ?"

ಪರರ ಅಪೂರ್ಣ ಕೃತಿಗೆ ತಮ್ಮ ಆಯುಷ್ಯವನ್ನೇ ತೇಪೆಯಾಗಿ ಕೊಡುವ ಇಂಥವರು, ಲೋಕದ ದೋಷಗಳೆಲ್ಲ ಅಜ್ಞಾನದಿಂದ ಹುಟ್ಟಿದವೆಂದು ನಂಬಿ, ತಿಳಿಸಿ ಹೇಳಿದರೆ ಸರಿಹೋದೀತೆಂಬ ಒಂದೇ ಆಸೆಯ ಮೇಲೆ ಬದುಕುತ್ತಾರೆ. ತಿಳಿದೂ ಬಿಟ್ಟವರನ್ನು ಎದುರುಗೊಂಡ ದಿನ ಅವರಿಗೆ ಸಿಟ್ಟು ಬರುವುದಿಲ್ಲ, ಕೈ ಮಾತ್ರ ಸುಮ್ಮನಾಗುತ್ತದೆ.